ಜಪಾನೀ ಚದುರಂಗ: ಮುಗಳಖೋಡದ ಕಟ್ಟೆಯ ಮೇಲೆ ಕಲಿತದ್ದು

ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸುತ್ತು ಮುಗಿದು ಎರಡನೆಯದಕ್ಕೆ ಇನ್ನೂ ದಿನವಿರುವಾಗ, ಕಾಫಿ ತೋಟದ ಕಪ್ಪುಗಳನ್ನು ಬಿಡಿಸಿ ಆಳುಗಳೂ ಮನೆ ಸೇರಿರುವಾಗ, ಜಡಿಮಳೆ ಹಿಡಿದ ಸಂಜೆಯನ್ನು ಕಳೆಯುವುದು ಹೇಗೆಂಬುದು ಮಲೆನಾಡಿನ ಪ್ರತಿ ಮನೆಯ ಪ್ರಶ್ನೆ. ಕರೆಂಟು ಹೋಗಿರುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಹಿಂದೆ ಇಂಥ ಸಂಜೆಗಳಿಗೆಂದೇ ಚೆನ್ನೆಮಣೆ, ಪಗಡೆ, ಚದುರಂಗಗಳಿದ್ದವು. ಈಗ ಮಣೆಗಳು ಅಟ್ಟ ಸೇರಿವೆ, ಆಡುವವರು ಬೆಂಗಳೂರು ಸೇರಿದ್ದಾರೆ. ಗೊಬ್ಬರ, ಔಷಧಿ, ಧಾರಣೆಗಳ ಮಾತನ್ನು ಬೇರೆ ಪುಟಗಳಿಗೆ ಬಿಟ್ಟು ಇಲ್ಲಿ ಒಂದು ಆಟದ ವಿಷಯ ಬರೆಯುತ್ತಿದ್ದೇವೆ. ಅದರ ಹೆಸರು ಶೋಗಿ. ಜಪಾನೀಯರ ಚದುರಂಗ.

ನಾವು ಇದನ್ನು ಕಲಿತದ್ದು ಜಪಾನಿನಲ್ಲಲ್ಲ, ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಮುಗಳಖೋಡದಲ್ಲಿ. ಕಾಫಿ-ಅಡಿಕೆಯ ಪತ್ರಿಕೆಗೂ ಕಬ್ಬು ಬೆಳೆಯುವ ಆ ಸೀಮೆಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಮಗಳನ್ನು ಕೊಟ್ಟ ಊರು, ಅಷ್ಟೇ ಸಂಬಂಧ. ಶ್ರೀ ಯಲ್ಲಾಲಿಂಗ ಮಹಾರಾಜರ ಮಠದಿಂದ ಆ ಕಡೆಯವರಿಗೆಲ್ಲ ಗೊತ್ತಿರುವ ಊರು. ಅಳಿಯಂದಿರು ಕೆಲಸದ ಮೇಲೆ ಒಂದು ವರ್ಷ ಜಪಾನಿನಲ್ಲಿದ್ದು ಬಂದವರು, ಬರುವಾಗ ಈ ಆಟದ ಒಂದು ಪೆಟ್ಟಿಗೆಯನ್ನು ತಂದಿದ್ದರು. ಕಾಫಿ ಕೊಯ್ಲು ಮುಗಿಸಿಕೊಂಡು ನಾವು ಹದಿನೈದು ದಿನದ ಮಟ್ಟಿಗೆ ಅಲ್ಲಿಗೆ ಹೋದಾಗ ಆ ಪೆಟ್ಟಿಗೆ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಬೀಗರ ತಂದೆಯವರು ಎಂಬತ್ತು ದಾಟಿದ ಹಿರಿಯರು, ಮನೆಯವರಿಗೂ ಊರವರಿಗೂ ಅಜ್ಜಾರು. ಅವರ ಜೊತೆ ನಿತ್ಯ ಚದುರಂಗ ಆಡುತ್ತಿದ್ದ ಗೆಳೆಯರು ತೀರಿಕೊಂಡು ಮೂರು ವರ್ಷವಾಗಿತ್ತಂತೆ. ಅಂದಿನಿಂದ ಅಜ್ಜಾರು ಮಣೆ ಮುಟ್ಟಿರಲಿಲ್ಲ. ಮೊಮ್ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಮೊಬೈಲಿನಲ್ಲಿ ಚೆಸ್ ಆಡುವುದರಲ್ಲಿ ಗಟ್ಟಿಗ. ಆದರೆ ಅಜ್ಜನ ನಿಯಮವೇ ಬೇರೆ, ಮೊಮ್ಮಗನ ನಿಯಮವೇ ಬೇರೆ. ಇಬ್ಬರೂ ಒಂದು ಮಣೆಗೆ ಕೂರುವುದು ಸಾಧ್ಯವಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚಿ ಕಾಯಿಗಳನ್ನು ಕಟ್ಟೆಯ ಮೇಲೆ ಸುರುವಿದಾಗ ಅಜ್ಜಾರು ಕೇಳಿದ ಮೊದಲ ಪ್ರಶ್ನೆಯೇ ಆಟದ ಮರ್ಮಕ್ಕೆ ಮುಟ್ಟುವಂಥದು. "ಅಲ್ರೀ ಬೀಗರ, ಎಲ್ಲಾ ಕಾಯೀನೂ ಒಂದ ಬಣ್ಣ ಅದಾವಲ್ಲ? ನಿಮ್ಮವು ಯಾವು, ನಮ್ಮವು ಯಾವು?"

ನಿಜವೇ. ಶೋಗಿಯಲ್ಲಿ ಕರಿ-ಬಿಳಿ ಎಂಬ ಭೇದವಿಲ್ಲ. ಕಾಯಿಗಳು ಚಪ್ಪಟೆ, ಐದು ಮೂಲೆಯವು, ಒಂದು ತುದಿ ಚೂಪು. ಚೂಪು ತುದಿ ಯಾರ ಕಡೆಗೆ ಮುಖ ಮಾಡಿದೆಯೋ ಅವರ ಮೇಲೆ ಆ ಕಾಯಿ ದಂಡೆತ್ತಿ ಹೊರಟಿದೆ ಎಂದರ್ಥ. ತಿರುಗಿಸಿ ಇಟ್ಟರೆ ಮಾಲೀಕರು ಬದಲಾದಂತೆ. ಹೀಗೇಕೆ ಮಾಡಿದರೆಂಬುದು ಮುಂದೆ ತಿಳಿಯುತ್ತದೆ.

ಮಣೆಯಲ್ಲಿ ಅಡ್ಡಕ್ಕೆ 9, ಉದ್ದಕ್ಕೆ 9, ಒಟ್ಟು 81 ಮನೆ. ಮನೆಗಳಿಗೂ ಬಣ್ಣವಿಲ್ಲ, ಬರೀ ಗೆರೆ. ಒಬ್ಬೊಬ್ಬರಿಗೆ 20 ಕಾಯಿ. ನಮಗೆ ಹತ್ತಿರದ ಸಾಲಿನ ನಡುವೆ ರಾಜ. ಅವನ ಎರಡು ಮಗ್ಗುಲಲ್ಲಿ ಚಿನ್ನದ ದಳಪತಿಗಳು, ಅವರ ಆಚೆ ಬೆಳ್ಳಿಯ ದಳಪತಿಗಳು, ಆಮೇಲೆ ಕುದುರೆ, ಮೂಲೆಯಲ್ಲಿ ಈಟಿ. ಎರಡನೆಯ ಸಾಲಿನಲ್ಲಿ ಎರಡೇ ಕಾಯಿ: ಎಡಗಡೆಯ ಕುದುರೆಯ ಮುಂದೆ ಓರೆಯಾಗಿ ಓಡುವವನು, ಬಲಗಡೆಯ ಕುದುರೆಯ ಮುಂದೆ ನೇರ ಓಡುವ ರಥ. ಮೂರನೆಯ ಸಾಲು ಪೂರ್ತಿ ಪೇದೆಗಳು, ಒಂಬತ್ತು.

ನಡೆಗಳು ಕಷ್ಟವಲ್ಲ. ರಥದ ನಡೆ ನಮ್ಮ ಚದುರಂಗದ ಆನೆಯದು, ಓರೆಯವನ ನಡೆ ನಮ್ಮ ಒಂಟೆಯದು. ರಾಜ ಎಲ್ಲ ಕಡೆಗೂ ಒಂದು ಮನೆ. ಚಿನ್ನಕ್ಕೆ ಹಿಂದಿನ ಎರಡು ಮೂಲೆ ಬಿಟ್ಟು ಉಳಿದ ಆರು ಕಡೆಗೆ ಒಂದೊಂದು ಮನೆ. ಬೆಳ್ಳಿಗೆ ನೇರ ಮುಂದಕ್ಕೆ ಮತ್ತು ನಾಲ್ಕು ಮೂಲೆಗೆ, ಅಂದರೆ ಐದು ಕಡೆ. ಈಟಿ ನೆಟ್ಟಗೆ ಮುಂದಕ್ಕೆ ಎಷ್ಟು ಬೇಕಾದರೂ ಹೋಗುತ್ತದೆ, ಹಿಂದೆ ಬರುವ ಮಾತೇ ಇಲ್ಲ. ಕುದುರೆ ಎರಡು ಮನೆ ಮುಂದೆ ಜಿಗಿದು ಒಂದು ಮಗ್ಗುಲಿಗೆ ಇಳಿಯುತ್ತದೆ, ಅದೂ ಮುಂದಕ್ಕೆ ಮಾತ್ರ. ನಮ್ಮ ಕುದುರೆಗೆ ಎಂಟು ಮನೆ ಇದ್ದರೆ ಇದಕ್ಕೆ ಎರಡೇ. ಪೇದೆ ಮುಂದಕ್ಕೆ ಒಂದು ಮನೆ, ಹೊಡೆಯುವುದೂ ಮುಂದಿನ ಮನೆಯನ್ನೇ.

ಜಪಾನೀಯರು ಈ ಕಾಯಿಗಳಿಗೆ ಇಟ್ಟ ಹೆಸರು ನಮ್ಮ ಬೆಳೆಗಾರರಿಗೆ ಖುಷಿ ಕೊಡುವಂಥವು. ಈಟಿಯ ನಿಜವಾದ ಹೆಸರಿಗೆ 'ಸುಗಂಧದ ರಥ' ಎಂದು ಅರ್ಥ. ಕುದುರೆಯ ಹೆಸರಿನ ಮೊದಲ ಅಕ್ಷರಕ್ಕೆ ಚೀನೀ ಭಾಷೆಯಲ್ಲಿ ದಾಲ್ಚಿನ್ನಿ ಜಾತಿಯ ಮರವೆಂಬ ಅರ್ಥವೂ ಇದೆ. ಎರಡು ರಾಜರಲ್ಲಿ ಒಬ್ಬನ ಹೆಸರು 'ರತ್ನದ ದಳಪತಿ'. ರತ್ನ, ಚಿನ್ನ, ಬೆಳ್ಳಿ, ದಾಲ್ಚಿನ್ನಿ, ಸುಗಂಧ ಎಂದು ಸಾಲಾಗಿ ಓದಿದರೆ ಯುದ್ಧದ ಆಟವೋ, ಹಳೆಯ ಕಾಲದ ಸಂಬಾರ ವ್ಯಾಪಾರಿಯ ಕೋಠಿಯ ಪಟ್ಟಿಯೋ ಎಂದು ಅನುಮಾನ ಬರುತ್ತದೆ.

ಆದರೆ ಬೆಳ್ಳಿಯ ನಡೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಮುಂದಕ್ಕೆ ಒಂದು, ನಾಲ್ಕು ಮೂಲೆಗೆ ಒಂದೊಂದು. ಇಂಥ ವಿಚಿತ್ರ ನಡೆ ಎಲ್ಲಿಂದ ಬಂತು? ಸುಮಾರು 1030ರಲ್ಲಿ ಭಾರತದ ವಿಷಯ ಬರೆದ ಅಲ್ ಬೀರೂನಿ ಇಲ್ಲಿಯ ಚದುರಂಗದ ಆನೆಯನ್ನು ವರ್ಣಿಸಿರುವುದು ಸರಿಯಾಗಿ ಹೀಗೆಯೇ: ನೇರ ಒಂದು ಮನೆ, ನಾಲ್ಕು ಮೂಲೆಗೆ ಒಂದೊಂದು ಮನೆ. ಈ ಐದು ಮನೆಗಳು ಆನೆಯ ಸೊಂಡಿಲು ಮತ್ತು ನಾಲ್ಕು ಕಾಲು ಇರುವ ಜಾಗಗಳೆಂದು ಇಲ್ಲಿಯವರು ಹೇಳುತ್ತಾರೆಂದೂ ಅವನು ಬರೆದಿದ್ದಾನೆ. ನಮ್ಮಲ್ಲಿ ಆ ನಡೆ ಮರೆತೇ ಹೋಯಿತು. ನಮ್ಮ ಆನೆ ಇಂದು ಮೂಲೆಯಲ್ಲಿ ನಿಂತು ನೇರ ಓಡುತ್ತದೆ. ಬರ್ಮಾದ ಚದುರಂಗದಲ್ಲಿ, ಸಯಾಮಿನ ಚದುರಂಗದಲ್ಲಿ ಅದು ಇಂದಿಗೂ ಇದೆ. ಜಪಾನಿನಲ್ಲಿ ಬೆಳ್ಳಿಯ ದಳಪತಿಯ ವೇಷದಲ್ಲಿ ಇದೆ. ನಾರಾ ನಗರದ ಕೋಫುಕು-ಜಿ ದೇವಾಲಯದ ಆವರಣದಲ್ಲಿ ಅಗೆದಾಗ ಸಿಕ್ಕ ಶೋಗಿ ಕಾಯಿಗಳ ಜೊತೆ 1058ನೆಯ ಇಸವಿಯ ಮರದ ಹಲಗೆಯೊಂದು ದೊರೆತಿದೆ. ಅಂದರೆ ಅಲ್ ಬೀರೂನಿ ಇಲ್ಲಿ ಬರೆಯುತ್ತಿದ್ದ ತಲೆಮಾರಿನಲ್ಲೇ ಅಲ್ಲಿ ಈ ಆಟ ನಡೆದಿತ್ತು.

ಕನ್ನಡನಾಡಿನಲ್ಲೂ ಆ ಕಾಲಕ್ಕೆ ಚದುರಂಗಕ್ಕೆ ರಾಜಾಶ್ರಯವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗಕ್ಕೂ ಒಂದು ಭಾಗ ಮೀಸಲಿದೆ. ಅದಕ್ಕಿಂತ ಏಳು ಶತಮಾನ ಈಚೆಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಆಡಳಿತವನ್ನು ಇಂಗ್ಲಿಷರು ತೆಗೆದುಕೊಂಡ ನಂತರ, ಮಣೆಯಾಟಗಳಲ್ಲಿ ಮನಸ್ಸಿಟ್ಟು ಹೊಸ ಹೊಸ ಆಟಗಳನ್ನೇ ಕಟ್ಟಿದರು. ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಮಣೆಯನ್ನೆಲ್ಲ ಸುತ್ತಿ ಬರುವ ಬಂಧಗಳನ್ನು ರಚಿಸಿದರು. ಇಷ್ಟೆಲ್ಲ ಇದ್ದರೂ ನಮ್ಮದೇ ಪದ್ಧತಿಯ ಚದುರಂಗ ನಮ್ಮ ಕೈಯಲ್ಲಿ ಉಳಿಯಲಿಲ್ಲ.

ಆನೆಯ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಹಿಂದೆ ಶೋಗಿಯಲ್ಲಿ 'ಅಮಲೇರಿದ ಆನೆ' ಎಂಬ ಕಾಯಿಯೂ ಇತ್ತು. ಹದಿನಾರನೆಯ ಶತಮಾನದಲ್ಲಿ ಗೋ-ನಾರಾ ಎಂಬ ಚಕ್ರವರ್ತಿ ಅದನ್ನು ಮಣೆಯಿಂದ ತೆಗೆಸಿದನೆಂದು ಅಲ್ಲಿ ಪ್ರತೀತಿ. ಆನೆ ಕಾಟಕ್ಕೆ ಸರ್ಕಾರದಿಂದಲೇ ಶಾಶ್ವತ ಪರಿಹಾರ ಸಿಕ್ಕ ಪ್ರಕರಣ ನಮಗೆ ತಿಳಿದಂತೆ ಇದೊಂದೇ.

ಅಜ್ಜಾರ ಹಳೆಯ ನಿಯಮಗಳು

ಮುಗಳಖೋಡದಿಂದ ಹಾರೂಗೇರಿ, ಕುಡಚಿ ದಾಟಿದರೆ ಮೀರಜು, ಅದರ ಪಕ್ಕವೇ ಸಾಂಗಲಿ. ಚೆಸ್ ಲೋಕದಲ್ಲಿ ಸಾಂಗಲಿ ದೊಡ್ಡ ಹೆಸರು. ಭಾವುಸಾಹೇಬ ಪಡಸಲಗೀಕರರು 1941ರಲ್ಲಿ ಅಲ್ಲಿ ನೂತನ ಬುದ್ಧಿಬಳ ಮಂಡಳವನ್ನು ಸ್ಥಾಪಿಸಿ ಮಕ್ಕಳಿಗೆ ಕಲಿಸುತ್ತ, ಪಂದ್ಯಗಳನ್ನು ನಡೆಸುತ್ತ ಬಂದರು. ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದ ಭಾಗ್ಯಶ್ರೀ ಸಾಠೆಯವರು ಅದೇ ಊರಿನವರು. ಹೀಗೆ ಅಂತಾರಾಷ್ಟ್ರೀಯ ನಿಯಮದ ಚೆಸ್ ಹಬ್ಬಿದಂತೆಲ್ಲ ಹಳ್ಳಿಯ ಕಟ್ಟೆಗಳ ಹಳೆಯ ಚದುರಂಗ ಹಿಂದೆ ಸರಿಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಸಾಂಗಲಿಯ ಮಕ್ಕಳು ಲೋಕದೊಡನೆ ಆಡಬೇಕಾದರೆ ಲೋಕದ ನಿಯಮವೇ ಬೇಕು.

ಅಜ್ಜಾರು ಚಿಕ್ಕಂದಿನಲ್ಲಿ ಕಲಿತದ್ದು ಕಟ್ಟೆಯ ಚದುರಂಗ. ಅದರಲ್ಲಿ ಪೇದೆಗೆ ಮೊದಲ ನಡೆಯಲ್ಲೂ ಒಂದೇ ಮನೆ. ಕೋಟೆ ಕಟ್ಟುವ ನಡೆ ಇಲ್ಲ. ಅದರ ಬದಲು ರಾಜ ಶಹ ತಿನ್ನುವ ಮೊದಲು ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಪೇದೆ ಕೊನೆಯ ಮನೆ ಮುಟ್ಟಿದರೆ ಬೇಕೆಂದದ್ದು ಆಗುವಂತಿಲ್ಲ. ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯಾಗಬೇಕು. ಇಂಥ ನಿಯಮಗಳು ಊರಿಂದೂರಿಗೆ ಸ್ವಲ್ಪ ಬೇರೆಯಾಗಿ ದೇಶದಲ್ಲೆಲ್ಲ ಇದ್ದವು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಆದ ಪಂಜಾಬಿನ ಮೀರ್ ಸುಲ್ತಾನ್ ಖಾನನು ಮೊದಲು ಕಲಿತದ್ದೂ ಈ ದೇಶೀ ಪದ್ಧತಿಯನ್ನೇ.

ಶೋಗಿಗೆ ಕೂತಾಗ ನಾವು ನಿರೀಕ್ಷಿಸದ ಒಂದು ಸಂಗತಿ ಕಂಡೆವು. ಮೊಮ್ಮಗನಿಗೆ ಪೇದೆಯನ್ನು ಎರಡು ಮನೆ ನಡೆಸುವ ಕೈ ಅಭ್ಯಾಸ. ಓರೆಯಾಗಿ ಹೊಡೆಯುವ ಅಭ್ಯಾಸ. ಮಂತ್ರಿಯಂಥ ಬಲಶಾಲಿ ಕಾಯಿಯನ್ನು ಹುಡುಕುವ ಅಭ್ಯಾಸ. ಅದೆಲ್ಲ ಬಿಡುವುದಕ್ಕೆ ಅವನಿಗೆ ನಾಲ್ಕು ದಿನ ಬೇಕಾಯಿತು. ಅಜ್ಜಾರಿಗೆ ಒಂದೊಂದೇ ಮನೆ ಸರಿಯುವ, ಸಾವಧಾನದ ಆಟ ಹೊಸದೆನಿಸಲಿಲ್ಲ. "ಇದು ಗೊತ್ತಿರೂದ ಐತಿ ಬಿಡ್ರಿ" ಎಂದರು. ಎರಡನೆಯ ದಿನ ಸಂಜೆ ಮೊಮ್ಮಗ ಸೋತ. ಅವನು ಏನೂ ಹೇಳದೆ ಕಾಯಿಗಳನ್ನು ಮತ್ತೆ ಜೋಡಿಸಿದ್ದನ್ನು ನೋಡಿ ನಮ್ಮ ಮಗಳು ಒಳಗಿನಿಂದ ಎರಡನೆಯ ಸಲ ಚಹಾ ಕಳಿಸಿದಳು.

ಹೊಡೆದ ಕಾಯಿ ಸಾಯುವುದಿಲ್ಲ

ಈಗ ಆಟದ ಮರ್ಮಕ್ಕೆ ಬರೋಣ. ಶೋಗಿಯಲ್ಲಿ ಎದುರಾಳಿಯ ಕಾಯಿಯನ್ನು ಹೊಡೆದರೆ ಅದು ಪೆಟ್ಟಿಗೆಗೆ ಹೋಗುವುದಿಲ್ಲ. ಹೊಡೆದವರ ಕೈಗೆ ಬರುತ್ತದೆ. ಮುಂದೆ ಯಾವ ಸರದಿಯಲ್ಲಾದರೂ, ಕಾಯಿ ನಡೆಸುವ ಬದಲು, ಕೈಯಲ್ಲಿರುವ ಒಂದನ್ನು ಖಾಲಿ ಮನೆಯಲ್ಲಿ ಇಳಿಸಬಹುದು. ಅಂದಿನಿಂದ ಅದು ನಮ್ಮ ಪಕ್ಷದ್ದು. ಬಣ್ಣವಿಲ್ಲದಿರುವುದರ ಕಾರಣ ಇದೇ. ನಮ್ಮ ಚದುರಂಗದಲ್ಲಿ ಆಟ ಮುಂದುವರಿದಂತೆ ಮಣೆ ಬರಿದಾಗುತ್ತದೆ, ಕೊನೆಗೆ ಎರಡು ರಾಜರು ಒಂದೆರಡು ಪೇದೆಗಳ ಜೊತೆ ಅಲೆದಾಡಿ ಆಟ ಸಮವಾಗುತ್ತದೆ. ಶೋಗಿಯಲ್ಲಿ 40 ಕಾಯಿಗಳೂ ಕೊನೆಯವರೆಗೂ ಇರುತ್ತವೆ, ಆಟ ಮುಗಿಯುತ್ತ ಬಂದಂತೆ ಬಿರುಸಾಗುತ್ತದೆ. ಸಮವಾಗುವುದು ಬಹಳ ಅಪರೂಪ.

ಇದನ್ನು ವಿವರಿಸಿದಾಗ ಅಜ್ಜಾರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರ ನಮ್ಮ ಮನ್ಯಾನ ಆಳ ನಮ್ಮ ಮ್ಯಾಲ ಬರ್ತಾನಂದಂಗಾತು. ಹಂಗಾರ ಒಂದ ಪ್ಯಾದಿ ಕೊಡೂದಿದ್ರೂ ವಿಚಾರ ಮಾಡಬೇಕು" ಎಂದರು. ಶೋಗಿಯ ಪುಸ್ತಕಗಳು ಹತ್ತು ಪುಟದಲ್ಲಿ ಹೇಳುವುದು ಇದನ್ನೇ. ಕಾಯಿ ಕೊಟ್ಟು ಕಾಯಿ ತೆಗೆದುಕೊಳ್ಳುವುದು ಇಲ್ಲಿ ಬರೀ ಲೆಕ್ಕ ಚುಕ್ತಾ ಮಾಡಿದಂತಲ್ಲ. ಇಬ್ಬರ ಕೈಗೂ ಆಯುಧ ಬಂದಂತೆ. ರಾಜನ ಸುತ್ತ ಬಿಟ್ಟ ಒಂದೊಂದು ಖಾಲಿ ಮನೆಯೂ ಶತ್ರು ಆಕಾಶದಿಂದ ಇಳಿಯಬಹುದಾದ ಜಾಗ.

ಎರಡನೆಯ ಮಹಾಯುದ್ಧದ ನಂತರ ಜಪಾನನ್ನು ಆಳುತ್ತಿದ್ದ ಅಮೆರಿಕನ್ ಅಧಿಕಾರಿಗಳಿಗೆ ಈ ನಿಯಮದ ಮೇಲೆ ಸಂಶಯ ಬಂದಿತ್ತಂತೆ. ಸೆರೆಯಾಳುಗಳನ್ನು ಅವರ ಸ್ವಂತ ಪಕ್ಷದ ಮೇಲೆಯೇ ಬಿಡುವ ಆಟ ಒಳ್ಳೆಯದೇ ಎಂದು ಕೇಳಿದಾಗ, ಪ್ರಸಿದ್ಧ ಆಟಗಾರ ಮಸುದಾ ಕೋಝೋ ತಿರುಗಿ ಉತ್ತರ ಕೊಟ್ಟರೆಂದು ಕಥೆ: ನಿಮ್ಮ ಚೆಸ್‌ನಲ್ಲಿ ಸಿಕ್ಕವರನ್ನೆಲ್ಲ ಕೊಲ್ಲುತ್ತೀರಿ, ನಮ್ಮಲ್ಲಿ ಅವರಿಗೆ ಅದೇ ದರ್ಜೆಯಲ್ಲಿ ಕೆಲಸ ಕೊಡುತ್ತೇವೆ ಎಂಬ ಅರ್ಥದ ಮಾತು. ಕಥೆಯನ್ನು ಮಸುದಾ ಅವರೇ ಹೇಳಿದ್ದರಿಂದ ಒಂದಿಷ್ಟು ಉಪ್ಪು-ಖಾರ ಸೇರಿರಲೂಬಹುದು.

ಕೈಯಲ್ಲಿರುವುದನ್ನು ಎಲ್ಲೆಂದರಲ್ಲಿ ಇಳಿಸಬಹುದೆಂದರೂ ಕೆಲವು ಕಟ್ಟುಪಾಡುಗಳಿವೆ. ನಮ್ಮದೊಂದು ಪೇದೆ ಇರುವ ಉದ್ದಸಾಲಿನಲ್ಲಿ ಇನ್ನೊಂದು ಪೇದೆಯನ್ನು ಇಳಿಸುವಂತಿಲ್ಲ. ಒಂದೇ ಗುಂಡಿಯಲ್ಲಿ ಎರಡು ಅಡಿಕೆ ಸಸಿ ನೆಟ್ಟಂತೆ ಅದು. ಮುಂದೆ ನಡೆಯಲು ಮನೆಯೇ ಇಲ್ಲದ ಕಡೆ ಕಾಯಿ ಇಳಿಸುವಂತಿಲ್ಲ. ಪೇದೆಯನ್ನು ಇಳಿಸಿ ಅದರಿಂದಲೇ ರಾಜನನ್ನು ಮಾತ್ ಮಾಡುವಂತಿಲ್ಲ. ಮಣೆಯ ಮೇಲಿರುವ ಪೇದೆಯನ್ನು ನಡೆಸಿ ಮಾತ್ ಮಾಡಿದರೆ ತೊಂದರೆಯಿಲ್ಲ. ಈ ಕೊನೆಯ ನಿಯಮ ವಿಚಿತ್ರವೆಂದು ಮೊಮ್ಮಗ ವಾದಿಸಿದ. ಅಜ್ಜಾರಿಗೆ ಅದು ತೀರಾ ನ್ಯಾಯವಾಗಿ ಕಂಡಿತು: ನಿನ್ನೆ ಕೆಲಸಕ್ಕೆ ಸೇರಿದವನ ಕೈಯಲ್ಲಿ ರಾಜನನ್ನು ಹೊಡೆಸಬಾರದು, ನಡೆದು ಬಂದವನು ಹೊಡೆಯಲಿ.

ಬಡ್ತಿಯ ವಿಚಾರ. ಎದುರಾಳಿಯ ಕಡೆಯ ಮೂರು ಸಾಲುಗಳಿಗೆ ಹೊಕ್ಕಾಗ, ಅಲ್ಲೇ ನಡೆದಾಗ ಅಥವಾ ಅಲ್ಲಿಂದ ಹೊರಬಂದಾಗ ಕಾಯಿಯನ್ನು ಮಗುಚಿ ಹಾಕಬಹುದು. ಬೆನ್ನ ಮೇಲೆ ಬೇರೆ ಹೆಸರು ಇರುತ್ತದೆ. ಪೇದೆ, ಈಟಿ, ಕುದುರೆ, ಬೆಳ್ಳಿ ಇವೆಲ್ಲ ಮಗುಚಿದರೆ ಚಿನ್ನದಂತೆ ನಡೆಯುತ್ತವೆ. ರಥಕ್ಕೆ ಮೂಲೆಗಳಿಗೂ ಒಂದು ಮನೆ, ಓರೆಯವನಿಗೆ ನೇರಕ್ಕೂ ಒಂದು ಮನೆ ಹೆಚ್ಚಾಗಿ ಸಿಗುತ್ತದೆ. ರಾಜನಿಗೂ ಚಿನ್ನಕ್ಕೂ ಬಡ್ತಿಯಿಲ್ಲ. ಬಡ್ತಿ ಪಡೆದ ಕಾಯಿ ಶತ್ರುವಿನ ಕೈಗೆ ಸಿಕ್ಕರೆ ಬಡ್ತಿ ರದ್ದಾಗಿ ಮೂಲ ದರ್ಜೆಗೆ ಇಳಿಯುತ್ತದೆ. ಆದ್ದರಿಂದ ಚಿನ್ನವಾದ ಪೇದೆ ಎಲ್ಲಕ್ಕಿಂತ ಲಾಭದ್ದು: ನಮ್ಮ ಕೈಯಲ್ಲಿ ಚಿನ್ನದ ಕೆಲಸ ಮಾಡುತ್ತದೆ, ಕಳೆದುಕೊಂಡರೆ ಎದುರಾಳಿಗೆ ಸಿಗುವುದು ಬರೀ ಪೇದೆ.

ಕಲಿಯುವವರಿಗೆ

ಮಕ್ಕಳಿರುವ ಮನೆಯಲ್ಲಿ ನೇರವಾಗಿ 81 ಮನೆಯ ಮಣೆಗೆ ಹೋಗಬೇಡಿ. ಕಿತಾವೋ ಮದೋಕಾ ಎಂಬ ವೃತ್ತಿಪರ ಆಟಗಾರ್ತಿ 2008ರಲ್ಲಿ ಚಿಕ್ಕ ಮಕ್ಕಳಿಗೆಂದು 12 ಮನೆಯ 'ಪ್ರಾಣಿ ಶೋಗಿ'ಯನ್ನು ರಚಿಸಿದ್ದಾರೆ. ಅಡ್ಡಕ್ಕೆ 3, ಉದ್ದಕ್ಕೆ 4 ಮನೆ. ಹಿಂದಿನ ಸಾಲಿನ ನಡುವೆ ಸಿಂಹ, ಎಡಕ್ಕೆ ಆನೆ, ಬಲಕ್ಕೆ ಜಿರಾಫೆ, ಸಿಂಹದ ಮುಂದೆ ಕೋಳಿಮರಿ. ಸಿಂಹ ಎಂಟೂ ಕಡೆ, ಆನೆ ಮೂಲೆಗಳಿಗೆ, ಜಿರಾಫೆ ನೇರಕ್ಕೆ, ಮರಿ ಮುಂದಕ್ಕೆ, ಎಲ್ಲವೂ ಒಂದೊಂದೇ ಮನೆ. ಮರಿ ಆಚೆ ದಡ ಮುಟ್ಟಿದರೆ ಹೇಂಟೆಯಾಗಿ ಚಿನ್ನದಂತೆ ನಡೆಯುತ್ತದೆ. ಹೊಡೆದದ್ದನ್ನು ಇಳಿಸುವ ನಿಯಮ ಇಲ್ಲೂ ಇದೆ. ಸಿಂಹವನ್ನು ಹಿಡಿದವರಿಗೆ ಜಯ. ತಮ್ಮ ಸಿಂಹವನ್ನು ಆಚೆ ದಡಕ್ಕೆ ದಾಟಿಸಿ, ಅಲ್ಲಿ ಯಾರೂ ಹಿಡಿಯುವಂತಿಲ್ಲದಿದ್ದರೂ ಜಯ. ಒಂದನೆಯ ತರಗತಿಯ ಮಗು ಅರ್ಧ ಗಂಟೆಯಲ್ಲಿ ಕಲಿಯುತ್ತದೆ, ಒಂದು ಗಂಟೆಯಲ್ಲಿ ನಮ್ಮನ್ನು ಸೋಲಿಸುತ್ತದೆ.

ದೊಡ್ಡ ಮಣೆಗೆ ಬಂದ ಮೇಲೆ ಮೊದಲು ಒಂದೇ ಉಪಾಯ ಸಾಕು. ರಥದ ಮುಂದಿನ ಪೇದೆಯನ್ನು ಮುಂದಕ್ಕೆ ತಳ್ಳಿ, ಅದರ ಹಿಂದೆ ಬೆಳ್ಳಿಯನ್ನು ಹತ್ತಿಸುತ್ತ ಹೋಗಿ, ಆ ಒಂದು ಸಾಲನ್ನು ಒಡೆಯುವುದು. ಜೊತೆಗೆ ರಾಜನನ್ನು ನಡುವೆ ಕೂರಿಸಬೇಡಿ. ರಥವಿಲ್ಲದ ಕಡೆಗೆ ಸರಿಸಿ ಚಿನ್ನ, ಬೆಳ್ಳಿಗಳ ಬೇಲಿ ಹಾಕಿ. ಜಪಾನೀಯರಲ್ಲಿ ಇಂಥ ಕೋಟೆಗಳಿಗೆ ಎಷ್ಟೋ ಹೆಸರುಗಳಿವೆ. 'ಬಿಲದ ಕರಡಿ' ಎಂಬುದೊಂದರಲ್ಲಿ ರಾಜ ತೀರಾ ಮೂಲೆಗೆ ಹೋಗಿ ಅವಿತು ಕೂರುತ್ತಾನೆ. ಬಲವಾದ ಕೋಟೆಯೆನ್ನುತ್ತಾರೆ, ನಮಗಂತೂ ಅದು ಸಾಲಗಾರರಿಗೆ ಹೆದರಿ ಬಾಗಿಲು ಹಾಕಿಕೊಂಡಂತೆ ಕಾಣುತ್ತದೆ. ಬಿಡುವಿದ್ದಾಗ ಒಂದು ನಡೆ, ಮೂರು ನಡೆಗಳಲ್ಲಿ ಮಾತ್ ಮಾಡುವ ಸಮಸ್ಯೆಗಳನ್ನು ಬಿಡಿಸಬೇಕು. ಅದರಲ್ಲಿ ದಾಳಿ ಮಾಡುವವರ ಪ್ರತಿ ನಡೆಯೂ ಶಹ ಆಗಿರಬೇಕೆಂಬುದು ನಿಯಮ. ಮೊಬೈಲಿನಲ್ಲಿ ಯಂತ್ರದೊಡನೆ ಆಡಿ ಕಲಿಯುವೆವೆಂಬವರಿಗೆ ಬೇಡವೆನ್ನುವುದಿಲ್ಲ, ಆದರೆ ಯಂತ್ರ ಚಹಾ ಕುಡಿಯುವುದಿಲ್ಲ. 2017ರಲ್ಲಿ ಪೊನಾಂಝಾ ಎಂಬ ಗಣಕಯಂತ್ರದ ಕಾರ್ಯಕ್ರಮವು ಆಗಿನ ಮೇಜಿನ್ ಪದವಿಯಲ್ಲಿದ್ದ ಸಾತೋ ಅಮಾಹಿಕೋ ಅವರನ್ನೇ ಸೋಲಿಸಿದೆ; ನಮ್ಮಂಥವರು ಅದರ ಮುಂದೆ ಎಷ್ಟರವರು!

ಈ ಆಟದಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ರಿಯಾಯಿತಿಯ ಪದ್ಧತಿ. ಬಲ್ಲವರೂ ಹೊಸಬರೂ ಕೂತರೆ ಬಲ್ಲವರು ತಮ್ಮ ಕಾಯಿಗಳಲ್ಲಿ ಕೆಲವನ್ನು ಮೊದಲೇ ತೆಗೆದಿಡುತ್ತಾರೆ. ಅಂತರ ಬಹಳವಿದ್ದರೆ ರಥ, ಓರೆಯವನು, ಎರಡು ಕುದುರೆ, ಎರಡು ಈಟಿ, ಹೀಗೆ ಆರು ಕಾಯಿ. ಹೊಸಬರು ಸುಧಾರಿಸಿದಂತೆ ಕುದುರೆಗಳನ್ನು ಉಳಿಸಿಕೊಂಡು ನಾಲ್ಕು, ಆಮೇಲೆ ರಥ ಮತ್ತು ಓರೆಯವನು ಮಾತ್ರ, ಕೊನೆಗೆ ಬರೀ ಒಂದು ಈಟಿ. ಮೊದಲ ನಡೆ ಕಾಯಿ ತೆಗೆದಿಟ್ಟವರದು. ಇದು ದಯೆಯಲ್ಲ, ಜಪಾನಿನಲ್ಲಿ ಗುರು ಶಿಷ್ಯನಿಗೆ ಕಲಿಸುವ ಗೌರವದ ವಿಧಾನ. ತೆಗೆದಿಟ್ಟ ಕಾಯಿ ಯಾರ ಕೈಗೂ ಸೇರುವುದಿಲ್ಲವಾದ್ದರಿಂದ ಬಲ್ಲವರು ಅದನ್ನು ಎದುರಾಳಿಯಿಂದಲೇ ಸಂಪಾದಿಸಬೇಕು. ಅಜ್ಜ-ಮೊಮ್ಮಗ, ಗಂಡ-ಹೆಂಡತಿ, ಯಾವ ಜೋಡಿಯಾದರೂ ಹತ್ತು ಆಟದೊಳಗೆ ತಮಗೆ ಸರಿಹೊಂದುವ ತೂಕವನ್ನು ಕಂಡುಕೊಳ್ಳಬಹುದು. ನಾವು ಮುಗಳಖೋಡ ಬಿಡುವ ಹೊತ್ತಿಗೆ ಮೊಮ್ಮಗ ಮುಂದೆ ಹೋಗಿದ್ದ. ಅಜ್ಜಾರಿಗೆ ಒಂದು ಈಟಿ ಬಿಟ್ಟುಕೊಡುವುದಾಗಿ ಅಳುಕುತ್ತಲೇ ಹೇಳಿದ. ಅಜ್ಜಾರು, "ಈಗ ಬ್ಯಾಡ ತಮ್ಮಾ, ಯುಗಾದಿ ಮುಗೀಲಿ, ನೋಡೂಣು" ಎಂದರು.

ಜಪಾನಿನಲ್ಲಿ ಈ ಆಟದಿಂದಲೇ ಹೊಟ್ಟೆ ಹೊರೆಯುವವರಿದ್ದಾರೆ. 1612ರಲ್ಲಿ ತೊಕುಗಾವಾ ಸರ್ಕಾರ ಓಹಾಶಿ ಸೋಕೆಯಿ ಎಂಬ ಆಟಗಾರನಿಗೆ ಸಂಬಳ ಗೊತ್ತುಮಾಡಿತು. ಮೇಜಿನ್ ಪದವಿಯ ಪರಂಪರೆ ಆತನಿಂದ ಆರಂಭ. ಈಗ ಪದವಿಗಳ ಪಂದ್ಯಗಳಿಗೆ ಮುಖ್ಯವಾಗಿ ಪತ್ರಿಕೆಗಳೇ ಆಶ್ರಯದಾತರು. 1996ರಲ್ಲಿ ಹಾಬು ಯೋಶಿಹಾರು ಆಗಿದ್ದ ಏಳೂ ಪದವಿಗಳನ್ನು, 2023ರಲ್ಲಿ 21 ವಯಸ್ಸಿನ ಫುಜಿಯಿ ಸೋತಾ ಎಂಟೂ ಪದವಿಗಳನ್ನು ಏಕಕಾಲಕ್ಕೆ ಗೆದ್ದರು. ಆದರೆ ನಮ್ಮ ಮನಸ್ಸಿನಲ್ಲಿ ಉಳಿದ ಹೆಸರು ಸೆಗಾವಾ ಶೋಜಿ. ವೃತ್ತಿಪರರಾಗಲು ತರಬೇತಿಯಲ್ಲಿರುವವರು 26 ವಯಸ್ಸಿನೊಳಗೆ ನಾಲ್ಕನೆಯ ದರ್ಜೆ ಮುಟ್ಟದಿದ್ದರೆ ಹೊರಗೆ ಹೋಗಬೇಕೆಂಬ ನಿಯಮದಂತೆ 1996ರಲ್ಲಿ ಸೆಗಾವಾ ಹೊರಬಿದ್ದರು. ಕಂಪನಿಯಲ್ಲಿ ನೌಕರಿ ಹಿಡಿದರು, ಹವ್ಯಾಸಿಯಾಗಿ ಆಡಿ ವೃತ್ತಿಪರರನ್ನೇ ಸೋಲಿಸತೊಡಗಿದರು, ತನಗೊಂದು ಅವಕಾಶ ಕೊಡಿರೆಂದು ಅರ್ಜಿ ಹಾಕಿದರು. ಅವರಿಗಾಗಿಯೇ ವಿಶೇಷ ಪರೀಕ್ಷೆಯನ್ನು ಏರ್ಪಡಿಸಲಾಯಿತು, 2005ರಲ್ಲಿ, 35ನೆಯ ವಯಸ್ಸಿನಲ್ಲಿ, ಅದನ್ನು ಗೆದ್ದು ವೃತ್ತಿಪರರಾದರು. ಮಣೆಯಿಂದ ಎತ್ತಿದ ಕಾಯಿಯನ್ನು ಮತ್ತೆ ಇಳಿಸಿದಂತೆ.

ಕಾಯಿಗಳನ್ನು ಮಾಡುವುದೂ ಅಲ್ಲಿ ಒಂದು ಕಸುಬು. ಯಮಗಾತಾ ಪ್ರಾಂತದ ತೆಂದೋ ಎಂಬ ಊರಿನಲ್ಲಿ ಬಡ ಸಮುರಾಯಿ ಯೋಧರು ಸಂಸಾರ ಸಾಗಿಸಲು ಉಪಕಸುಬಾಗಿ ಕಾಯಿ ಕೆತ್ತತೊಡಗಿದ್ದು ಇಂದು ಊರಿಗೆ ಊರೇ ನಡೆಸುವ ಉದ್ಯಮವಾಗಿದೆ. ವಸಂತದಲ್ಲಿ ಚೆರ್ರಿ ಹೂ ಬಿಟ್ಟಾಗ ಅಲ್ಲಿ ಮನುಷ್ಯರೇ ಕವಚ ತೊಟ್ಟು ಕಾಯಿಗಳಾಗಿ ನಿಲ್ಲುವ ಶೋಗಿ ನಡೆಯುತ್ತದೆ. ಉತ್ತಮ ಕಾಯಿಗೆ ತ್ಸುಗೆ ಎಂಬ ಗಟ್ಟಿ ಮರ, ಮೇಲಿನ ಅಕ್ಷರಕ್ಕೆ ಅರಗು. ಉತ್ತಮ ಮಣೆಗೆ ನೂರಾರು ವರ್ಷ ಬೆಳೆದ ಕಾಯಾ ಮರ. ಬೆಲೆ ಕೇಳಿದರೆ ನಮ್ಮವರು ಕೈಮುಗಿಯುತ್ತಾರೆ.

ಅದರ ಅಗತ್ಯವೂ ನಮಗಿಲ್ಲ. ಚಪ್ಪಟೆ ಕಾಯಿಗೆ ಅಡಿಕೆ ಹಾಳೆಯಷ್ಟು ಅನುಕೂಲವಾದದ್ದು ಬೇರೆ ಯಾವುದಿದೆ? ದಪ್ಪನೆಯ, ಬಿರುಕಿಲ್ಲದ ಹಾಳೆಯನ್ನು ಆರಿಸಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿ. ಪೂರ್ತಿ ಒಣಗುವ ಮೊದಲೇ ಕತ್ತರಿಸಬೇಕು. ಒಣಗಿದ ಮೇಲೆ ಕತ್ತರಿಸಿದರೆ ನಾರಿನುದ್ದಕ್ಕೆ ಸೀಳುತ್ತದೆ. ನಾರು ಚೂಪು ತುದಿಯ ಕಡೆಗೆ ಹೋಗುವಂತೆ ಕತ್ತರಿಸಿದರೆ ಕಾಯಿ ಬಾಗುವುದಿಲ್ಲ. ರಾಜ ಒಂದೂಕಾಲು ಅಂಗುಲ, ಪೇದೆ ಒಂದು ಅಂಗುಲಕ್ಕೆ ಸ್ವಲ್ಪ ಕಡಿಮೆ, ಉಳಿದವು ನಡುವೆ. ಮೇಲೆ ಕಪ್ಪು ಶಾಯಿಯಲ್ಲಿ ರಾ, ರ, ಓ, ಚಿ, ಬೆ, ಕು, ಈ, ಪೇ ಎಂದು ಬರೆಯಿರಿ. ರಾಜ ಮತ್ತು ಚಿನ್ನ ಬಿಟ್ಟು ಉಳಿದವುಗಳ ಬೆನ್ನಿಗೆ ಕೆಂಪು ಶಾಯಿಯಲ್ಲಿ ಅದೇ ಅಕ್ಷರ. ಮಣೆಗೆ ಗೊಬ್ಬರದ ಚೀಲದ ಒಳಮೈ ಸಾಕು, ಮಡಚಿಡಲೂಬಹುದು. ಎರಡು ಕಾಯಿ ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ, ಪೇದೆಗಳು ಹಲಗೆ ಸಂದಿಗೆ ಬೀಳುತ್ತವೆ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುವುದು ಬೇಗ. ಆಟ ಮುಗಿದ ಮೇಲೆ ಡಬ್ಬಿಯಲ್ಲಿ ಹಾಕಿ ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡಿ.